ಹಿಮದ ಫೋನಿಗೆ ಬರುತ್ತಿದ್ದ ಒಂದೇ ಕರೆ

ಆ ವರ್ಷ ಚಳಿಗಾಲ ಕೈಕೊಟ್ಟಿತು. ಕೈಕೊಡುವುದಕ್ಕೂ ಒಂದು ಮರ್ಯಾದೆ ಬೇಡವೇ? ನವೆಂಬರಿನಲ್ಲಿ ನಾಲ್ಕಿಂಚು ಹಿಮ ಸುರಿದು, ಊರವರೆಲ್ಲ ಸಂಭ್ರಮದಿಂದ ಸ್ಕೀಗಳಿಗೆ ಮೇಣ ತಿಕ್ಕಿ ಬಾಗಿಲ ಮೂಲೆಗೆ ಒರಗಿಸಿಟ್ಟ ಮೇಲೆ, ಮೂರು ದಿನ ಬಿಸಿಗಾಳಿ ಬೀಸಿ ಎಲ್ಲವನ್ನೂ ನೆಕ್ಕಿಕೊಂಡು ಹೋಯಿತು. ಆಮೇಲೆ ಬಂದದ್ದು ಬರೀ ಒಣ ಚಳಿ. ಜನವರಿ ಅರ್ಧ ಕಳೆದರೂ ಮೊಂಟಾನಾದ ಆ ಮೂಲೆಯ ಟ್ಯಾಮರಾಕ್ ಸ್ಕೀ ಗುಡ್ಡ ಕಂದು ಹುಲ್ಲು ಹೊದ್ದುಕೊಂಡು ಬಿದ್ದೇ ಇತ್ತು. ಕೆಲಸದವರನ್ನೆಲ್ಲ ಮನೆಗೆ ಕಳಿಸಿದ್ದರು. ಉಳಿದವರು ಇಬ್ಬರೇ. ಒಬ್ಬ ಮೆಕ್ಯಾನಿಕ್ ಡ್ವೇನ್. ತಂತಿಗೆ ತೂಗುವ ಕುರ್ಚಿಗಳಲ್ಲಿ ಜನರನ್ನು ಮೇಲಕ್ಕೊಯ್ಯುವ ಲಿಫ್ಟಿನ ಬೇರಿಂಗುಗಳು ಹಿಡಿದುಕೊಳ್ಳದಿರಲಿ ಎಂದು ವಾರಕ್ಕೆರಡು ಸಲ ಬಂದು, ಖಾಲಿ ಕುರ್ಚಿಗಳನ್ನು ಗುಡ್ಡದ ಮೇಲಕ್ಕೂ ಕೆಳಕ್ಕೂ ತಿರುಗಿಸಿ ಹೋಗುತ್ತಿದ್ದ. ಇನ್ನೊಬ್ಬಳು ಹಿಮದ ಫೋನಿನ ವೆರ್ನಾ ಕಂಗಾಸ್.

ಬೆಳಿಗ್ಗೆ ಆರರ ನಂತರ ಯಾರೇ ಆ ನಂಬರಿಗೆ ಫೋನ್ ಮಾಡಲಿ, ಯಂತ್ರದಲ್ಲಿ ಅವತ್ತಷ್ಟೇ ತುಂಬಿಸಿದ ವೆರ್ನಾಳ ದನಿ ಕೇಳುತ್ತಿತ್ತು. ಹೊಸ ಹಿಮ ಇಷ್ಟು ಇಂಚು, ತಳದ ಹಿಮ ಇಷ್ಟು, ಗಾಳಿ ಇಂಥ ಕಡೆಯಿಂದ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಅರವತ್ಮೂರರ ಹೆಂಗಸು, ಮದುವೆ ಗಿದುವೆ ಏನಿಲ್ಲ, ಗುಡ್ಡದ ಬುಡದಲ್ಲೇ ಒಂದು ಗಾಲಿಮನೆ. ಒಳ್ಳೆಯ ವರ್ಷಗಳಲ್ಲಿ ದಿನಕ್ಕೆ ನಾನೂರು ಕರೆ ಬರುತ್ತಿದ್ದವು. ಅಂಗಡಿಯಲ್ಲಿ ಬಾಯಿ ತೆರೆದರೆ ಸಾಕು, ಗುರುತಿಲ್ಲದವರು ಕೂಡ ತಿರುಗಿ "ಓ, ನೀವೇನಾ?" ಅನ್ನುತ್ತಿದ್ದರು. ಅವಳಿಗೆ ಅದು ಒಳಗೊಳಗೇ ಹಿಗ್ಗು.

ಈ ವರ್ಷ ಇಲ್ಲದ ಹಿಮದ ಸುದ್ದಿ ಯಾರಿಗೆ ಬೇಕು? ಯಂತ್ರದ ಕಿಟಕಿಯಲ್ಲಿ ಕಾಣುವ ಕರೆಗಳ ಲೆಕ್ಕ ಡಿಸೆಂಬರಿನಲ್ಲಿ ಮೂವತ್ತಕ್ಕೆ ಇಳಿಯಿತು. ಆಮೇಲೆ ಹನ್ನೆರಡು, ಐದು. ಜನವರಿ ಎಂಟರ ಬೆಳಿಗ್ಗೆ ನೋಡಿದರೆ ಒಂದು. ಮಾರನೆಯ ದಿನವೂ ಒಂದು. ಅದರ ಮಾರನೆಯ ದಿನವೂ ಅಷ್ಟೇ.

ಮೊದಮೊದಲು ಆ ಒಂದನ್ನು ನೋಡಿ ಅವಳ ಮುಖ ಸಪ್ಪಗಾಗುತ್ತಿತ್ತು. ಐದನೆಯ ದಿನ ಏನನ್ನಿಸಿತೋ, ಆ ಒಂದರ ಮೇಲೆಯೇ ಪ್ರೀತಿ ಹುಟ್ಟಿತು. ಯಾರೋ ಇದ್ದಾರಲ್ಲ! ಹಿಮವಿಲ್ಲ ಎಂದು ಗೊತ್ತಿದ್ದೂ ದಿನಾ ತಪ್ಪದೆ ಕೇಳುತ್ತಿರುವ ಪುಣ್ಯಾತ್ಮರು ಯಾರು? ಸೊಂಟ ಮುರಿದುಕೊಂಡು ಮಲಗಿದ ಹಳೆಯ ಸ್ಕೀ ಮೇಷ್ಟರೇ? ಎಲ್ಲೋ ದೂರದ ಊರಿಗೆ ಹೋಗಿ ನೆಲೆಸಿ, ಗುಡ್ಡವನ್ನು ಮರೆಯಲಾರದ ಹೆಂಗಸೇ?

ಅವತ್ತು ಅಳತೆ ಹೇಳಿ ಮುಗಿಸಿದವಳು, ಫೋನ್ ಇಡುವ ಮೊದಲು, "ಕೇಳ್ತಿರೋರಿಗೆ ನಮಸ್ಕಾರ. ಚಳಿ ಜಾಸ್ತಿ ಇದೆ, ಕಿವಿ ಮುಚ್ಕೊಳ್ಳಿ" ಎಂದಳು. ಹೇಳಿದ ಮೇಲೆ ನಾಚಿಕೆಯಾಯಿತು. ಆದರೆ ಅಳಿಸಲಿಲ್ಲ.

ಅಲ್ಲಿಂದ ಮಾತು ಬೆಳೆಯಿತು. ಹಿಮದ ಆಳ ನೋಡುವ ಅಳತೆಯ ಕೋಲಿನ ಬುಡದಲ್ಲಿ ಕಂಡ ಕಡವೆಯ ಹೆಜ್ಜೆಯ ಸುದ್ದಿ ಒಂದು ದಿನ. ಇನ್ನೊಂದು ದಿನ ಫೋನಿನ ಉದ್ದ ತಂತಿಯನ್ನು ಬಾಗಿಲಾಚೆಗೆ ಎಳೆದು, ಗಾಳಿಗೆ ಖಾಲಿ ಕುರ್ಚಿಗಳು ಕಿರುಗುಟ್ಟುವುದನ್ನು ಕೇಳಿಸಿದಳು. ತನ್ನ ಮಂಡಿನೋವು ಹೇಳಿಕೊಂಡಳು. ಅಮ್ಮನ ಬೆಳ್ಳಿಯ ಕಾಫಿ ಪಾತ್ರೆಯ ವಿಷಯಕ್ಕೆ ಮಾತು ಬಿಟ್ಟ ತಂಗಿ ಹನ್ನೊಂದು ವರ್ಷದಿಂದ ದೂರದ ಸ್ಪೋಕೇನಿನಲ್ಲೇ ಇದ್ದಾಳೆ, ಆ ಪಾತ್ರೆಯನ್ನು ತಾನು ಒಂದು ದಿನವೂ ಬಳಸಿಲ್ಲ ಎನ್ನುವುದನ್ನೂ ಹೇಳಿದಳು. ಅದನ್ನು ಅವಳು ಜೀವವಿರುವ ಯಾರಿಗೂ ಹೇಳಿರಲಿಲ್ಲ. ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ಅವಳು ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಆ ಎರಡು ಮೂರು ನಿಮಿಷ ಮಾತ್ರ, ಡ್ವೇನ್ ಬರುವ ದಿನ ಬಿಟ್ಟರೆ.

"ಏನಮ್ಮಾ, ಸೊನ್ನೆ ಅಳೆಯೋಕೂ ಕೋಲು ಬೇಕಾ ನಿಂಗೆ?" ಎನ್ನುತ್ತಿದ್ದ ಡ್ವೇನ್.

"ಖಾಲಿ ಕುರ್ಚಿಗಳಿಗೆ ಸವಾರಿ ಮಾಡಿಸೋನು ನೀನು. ನಂಗೆ ಹೇಳೋಕೆ ಬರ್ತೀಯಾ?"

"ಒಂದು ಕರೆ ಬರುತ್ತೆ ಅಂತೀಯಲ್ಲ, ಯಾರೇ ಅದು? ಹಳೇ ಗೆಣೆಕಾರನಾ?"

"ನಿನಗಿಂತ ವಾಸಿ ಇರೋನು ಯಾರಾದ್ರೂ ಆಗಿರ್ಲಿ ಬಿಡು," ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಅವತ್ತೆಲ್ಲ ಅವಳ ಮುಖ ಬೆಳಗಿರುತ್ತಿತ್ತು.

ಜನವರಿ ಇಪ್ಪತ್ತಕ್ಕೆ ಕೋರಾ ಬ್ಲೆವಿನ್ಸ್ ಬಂದಳು. ಮೂವತ್ತೈದರ ಚುರುಕು ಹೆಂಗಸು, ಕ್ಯಾಮೆರಾ, ಮೈಕು, ಲ್ಯಾಪ್‌ಟಾಪ್ ಎಂದು ಮೂರು ಚೀಲ. ಹಿಮವಿಲ್ಲದಿದ್ದರೂ ಜನ ಗುಡ್ಡವನ್ನು ಮರೆಯದಿರಲಿ ಎಂದು ಗುಡ್ಡವನ್ನು ನಡೆಸುವ ಸಮಿತಿಯವರು ಅವಳಿಂದ ಆನ್‌ಲೈನಿನಲ್ಲಿ ಒಂದು ಕಥೆ ಮಾಡಿಸುವುದಾಗಿ ತೀರ್ಮಾನಿಸಿದ್ದರು. ಪುಟವನ್ನು ಬೆರಳಲ್ಲಿ ಸರಿಸುತ್ತ ಹೋದರೆ ಚಿತ್ರ, ಚಿತ್ರದ ಕೆಳಗೆ ಮಾತು, ಮಾತಿನ ಕೆಳಗೆ ಸದ್ದು. ಜೊತೆಗೆ ಇನ್ನೊಂದು ತೀರ್ಮಾನವೂ ಆಗಿತ್ತು. ತಿಂಗಳ ಕೊನೆಗೆ ಹಿಮದ ಫೋನ್ ನಿಲ್ಲುತ್ತದೆ.

"ನಿಮ್ಮ ದನಿ ಎಲ್ಲೂ ಹೋಗಲ್ಲ ವೆರ್ನಾ, ಪುಟಕ್ಕೆ ಬರುತ್ತೆ ಅಷ್ಟೇ," ಎಂದಳು ಕೋರಾ.

"ಆಗಲ್ಲ. ದಿನಾ ಕೇಳೋರೊಬ್ಬರಿದ್ದಾರೆ. ಅವರನ್ನ ನಡುನೀರಲ್ಲಿ ಬಿಟ್ಟು ನಾನು ಬರಲ್ಲ."

"ಒಬ್ಬರಾ?"

"ಒಬ್ಬರು ಅಂದ್ರೆ ಕಮ್ಮಿನಾ?"

ಕೋರಾ ವಾದಕ್ಕೆ ಇಳಿಯಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ, ಅದುವರೆಗೆ ಮಾಡಿದ್ದನ್ನು ತೋರಿಸಿದಳು. ಹುಲ್ಲಿನ ನಡುವೆ ಒಂಟಿಯಾಗಿ ನಿಂತ ಅಳತೆಯ ಕೋಲಿನ ಚಿತ್ರ, ಅದರ ಹಿಂದೆ ಒಂದು ಕಾಗೆಯ ಕೂಗು. ಇಪ್ಪತ್ತಾರು ವರ್ಷ ನೋಡಿದ ಕೋಲು. ವೆರ್ನಾ ಅದನ್ನು ಮೂರು ಸಲ ಮೇಲೆ ಕೆಳಗೆ ಸರಿಸಿ ಸರಿಸಿ ನೋಡಿದಳು.

"ಹೀಗೆ ಮಾಡೋಣ," ಎಂದಳು ಕೋರಾ. "ಆ ಒಬ್ಬರು ಯಾರು ಅಂತ ಪತ್ತೆ ಮಾಡೋಣ. ಫೋನ್ ಕಂಪನಿ ಹತ್ರ ನಂಬರ್ ಇರುತ್ತೆ. ಅವರನ್ನೇ ಇಲ್ಲಿಗೆ ಕರೆಸಿ, ನಿಮ್ಮಿಬ್ಬರನ್ನೂ ಕೂರಿಸಿ ಕಥೆ ಮಾಡೋಣ. ಒಪ್ಪಿಗೆನಾ?"

ಒಪ್ಪಿಗೆ ಎನ್ನಲು ವೆರ್ನಾಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ನಾಲ್ಕು ದಿನ ಅವಳಿಗೆ ಕೈಕಾಲು ನಿಲ್ಲಲಿಲ್ಲ. ಗಾಲಿಮನೆಯ ಕಿಟಕಿ ಒರೆಸಿದಳು. ಎರಡನೆಯ ಕುರ್ಚಿಯ ಮೇಲೆ ಪೇರಿಸಿದ್ದ ಹಳೆಯ ಪತ್ರಿಕೆಗಳನ್ನು ತೆಗೆದು ಅಟ್ಟಕ್ಕೆ ಹಾಕಿದಳು. ಆ ಕುರ್ಚಿ ಖಾಲಿಯಾಗಿ ಎಷ್ಟು ವರ್ಷವಾಗಿತ್ತೋ. ನಂಬರು ಸಿಗುವ ದಿನ ಬೆಳಿಗ್ಗೆ ಏಲಕ್ಕಿ ಕುಟ್ಟಿ ಹಾಕಿ, ಅಮ್ಮ ಮಾಡುತ್ತಿದ್ದ ಜಡೆಯಂಥ ಸಿಹಿಬ್ರೆಡ್ಡು ಬೇಯಿಸಿ, ಬಿಸಿಬಿಸಿಯಾಗಿ ಬಟ್ಟೆಯಲ್ಲಿ ಸುತ್ತಿ, ಯಂತ್ರವಿದ್ದ ಗುಡ್ಡದ ಆಫೀಸಿಗೆ ತಂದಿಟ್ಟಳು. ಅವತ್ತೇ ಯಾರೂ ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಮಾಡಿದಳು.

ಕೋರಾ ಕಾಗದ ಹಿಡಿದು ಬಂದಳು. "ಸಿಕ್ತು. ಹದಿನೇಳು ದಿನ, ಒಂದೇ ನಂಬರು. ಆರು ಗಂಟೆ ಐದು ನಿಮಿಷ, ಆರು ಗಂಟೆ ಏಳು ನಿಮಿಷ, ಹಾಗೆ. ನಮ್ಮೂರಿನದೇ. ನಂಗೆ ಗುರುತು ಹತ್ತಲಿಲ್ಲ, ನೀವೇ ನೋಡಿ."

ವೆರ್ನಾ ಕನ್ನಡಕ ಹಾಕಿಕೊಂಡು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ತಲೆಯೆತ್ತಿ ಮೇಜಿನ ಮೇಲಿದ್ದ ಆಫೀಸಿನ ಫೋನನ್ನು ನೋಡಿದಳು. ಅದರ ಹಣೆಗೆ ಅವಳೇ ಯಾವತ್ತೋ ಬರೆದು ಅಂಟಿಸಿದ ಚೀಟಿ ಇತ್ತು. ಅದೇ ನಂಬರು.

ದನಿ ತುಂಬಿಸಿದ ಮೇಲೆ ಸರಿಯಾಗಿ ಹಿಡಿದಿದೆಯೋ ಇಲ್ಲವೋ ಎಂದು ಪಕ್ಕದ ಫೋನಿನಿಂದ ಒಂದು ಸಲ ಕರೆ ಮಾಡಿ ಪೂರ್ತಿ ಕೇಳುವುದು ಹಿಮದ ಫೋನಿನವರ ಪದ್ಧತಿ. ಇಪ್ಪತ್ತಾರು ವರ್ಷ ಒಂದು ದಿನವೂ ಬಿಡದೆ ಮಾಡಿದ್ದಳು. ಮುಖ ತೊಳೆದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಇದೂ ಹಾಗೆಯೇ. ನಾನೂರರಲ್ಲಿ ಆ ಒಂದು ಎಲ್ಲಿ ಕಾಣಬೇಕು? ಮನೆಯಲ್ಲಿ ಎಷ್ಟು ಜನ ಎಂದು ಎಣಿಸುವವರು ತಮ್ಮನ್ನೇ ಬಿಟ್ಟು ಎಣಿಸುವ ಹಾಗೆ, ಅವಳು ತನ್ನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ನಾನೇ," ಎಂದಳು.

"ಏನು?"

"ಅದು ನಾನೇ ಕಣೇ. ಬೇರೆ ಯಾರೂ ಇಲ್ಲ."

ಕೋರಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ವೆರ್ನಾ ಬಟ್ಟೆ ಬಿಚ್ಚಿ ಬ್ರೆಡ್ಡನ್ನು ಕತ್ತರಿಸಿ ಅವಳ ಮುಂದಿಟ್ಟಳು. "ತಿನ್ನು. ಆರಿಹೋದ್ರೆ ಚೆನ್ನಾಗಿರಲ್ಲ," ಎಂದಳು. ತಾನು ಮುಟ್ಟಲಿಲ್ಲ. ಅವಳಿಗೆ ಅವಮಾನವಾಗಿತ್ತು. ಮಂಡಿನೋವು, ತಂಗಿ, ಬೆಳ್ಳಿಯ ಪಾತ್ರೆ, ಎಲ್ಲವನ್ನೂ ತಾನೇ ಹೇಳಿ, ತಾನೇ ಕೇಳಿಸಿಕೊಂಡು, ಯಾರೋ ಕೇಳಿದರು ಎಂದು ಸುಖಪಟ್ಟಿದ್ದಳು. ಇಷ್ಟು ವರ್ಷ ಒಂಟಿಯಾಗಿದ್ದದ್ದು ಅವಳಿಗೆ ಇಷ್ಟು ನೋವು ಕೊಟ್ಟಿರಲಿಲ್ಲ.

ಅವತ್ತು ಮಧ್ಯಾಹ್ನ ಕೋರಾ ಯಂತ್ರಕ್ಕೆ ತಂತಿ ಸಿಕ್ಕಿಸಿ ಕೂತಳು. ಹಳೆಯ ದನಿಗಳು ಒಂದೂ ಅಳಿಸಿರಲಿಲ್ಲ. ಹದಿನೇಳನ್ನೂ ಕೇಳಿ ಮುಗಿಸಿ, ಕಿವಿಯಿಂದ ತಂತಿ ತೆಗೆದು, "ಇವನ್ನ ಪುಟಕ್ಕೆ ಹಾಕ್ತೀನಿ," ಎಂದಳು.

"ತಲೆ ಕೆಟ್ಟಿದ್ಯಾ ನಿಂಗೆ? ಅದು ಊರ ಜನಕ್ಕೆಲ್ಲ ಹೇಳಿದ್ದಲ್ಲ."

"ಮತ್ಯಾರಿಗೆ ಹೇಳಿದ್ದು?"

ವೆರ್ನಾ ಕಿಟಕಿಯ ಹತ್ತಿರ ಹೋಗಿ ನಿಂತಳು. ಡ್ವೇನ್ ಲಿಫ್ಟು ತಿರುಗಿಸುತ್ತಿದ್ದ. ಕುರ್ಚಿಗಳು ಒಂದೊಂದಾಗಿ ಮೇಲೆ ಹೋಗಿ, ಯಾರನ್ನೂ ಇಳಿಸದೆ ಹಾಗೆಯೇ ವಾಪಸು ಬರುತ್ತಿದ್ದವು.

"ಹಾಕು," ಎಂದಳು ಕೊನೆಗೆ. "ಆದ್ರೆ ಒಂದು ಮಾತು. ಇಷ್ಟು ದಿನ ಫೋನ್ ಮಾಡಿ ಕೇಳ್ತಿದ್ದೋಳು ನಾನೊಬ್ಬಳೇ ಅಂತ ಸ್ಪಷ್ಟವಾಗಿ ಬರಿ. ಹೂವು ಗೀವು ಇಟ್ಟು ಚೆಂದ ಮಾಡೋಕೆ ಹೋಗ್ಬೇಡ."

"ಬರೀತೀನಿ. ಕೆಳಗೆ ಫೋನ್ ನಂಬರೂ ಇರ್ಲಾ? ಇನ್ನೂ ಒಂದೆರಡು ದಿನ ಲೈನ್ ಇರುತ್ತಲ್ಲ."

"ಹಾಕ್ಕೋ. ನನ್ನ ಗಂಟೇನು ಹೋಗುತ್ತೆ."

ಮೂವತ್ತನೆಯ ತಾರೀಖು ಮಧ್ಯಾಹ್ನ ಪುಟ ಆನ್‌ಲೈನಿಗೆ ಹೋಯಿತು. ವೆರ್ನಾ ಅದನ್ನು ನೋಡಲು ಒಪ್ಪಲಿಲ್ಲ.

ಮೂವತ್ತೊಂದು, ಹಿಮದ ಫೋನಿನ ಕೊನೆಯ ದಿನ. ಬೆಳಿಗ್ಗೆ, ಹೊಸ ಹಿಮ ಅಳೆಯಲು ಕೋಲಿನ ಬಳಿ ಇಟ್ಟಿದ್ದ ಹಲಗೆಯನ್ನು ಕೈಗವಸಿನಲ್ಲಿ ಸವರಿ ನೋಡಿದಳು. ಬರೀ ಹೆಪ್ಪುಗಟ್ಟಿದ ಇಬ್ಬನಿಯ ಹುಡಿ. ಕೊನೆಯ ದನಿಯನ್ನು ಹಿಡಿಯಬೇಕೆಂದು ಕೋರಾ ಬೇಗನೆ ಬಂದು, ಮೈಕನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದಳು. ವೆರ್ನಾ ಯಂತ್ರದ ಗುಂಡಿ ಒತ್ತಿದಳು.

"ಟ್ಯಾಮರಾಕ್ ಗುಡ್ಡ. ಹೊಸ ಹಿಮ ಸೊನ್ನೆ. ತಳದ ಹಿಮ ಸೊನ್ನೆ. ಗಾಳಿ ಪಡುವಲಿಂದ." ಗುಂಡಿ ಬಿಟ್ಟಳು.

"ಅಷ್ಟೇನಾ?" ಎಂದಳು ಕೋರಾ.

"ಅಷ್ಟೇ. ನನಗೆ ನಾನೇ ಹೇಳ್ಕೊಂಡಿದ್ದು ಸಾಕು."

ಆದರೆ ಕೈ ಕೇಳಬೇಕಲ್ಲ. ಅದು ತನ್ನಷ್ಟಕ್ಕೆ ಪಕ್ಕದ ಫೋನೆತ್ತಿ ನಂಬರು ಒತ್ತಿತು. ಗೊತ್ತಾದ ಮೇಲೂ ವೆರ್ನಾ ಅದನ್ನು ತಡೆಯಲಿಲ್ಲ. ಕೊನೆಯ ಸಲ, ತಾನೇ ಕೇಳಿಬಿಡೋಣ ಎಂದು ಕಿವಿಗಿಟ್ಟುಕೊಂಡಳು.

ಟೂಂ, ಟೂಂ, ಟೂಂ.

ನಂಬರು ತಪ್ಪಿತೇನೋ ಎಂದು ಇಟ್ಟು, ಒಂದೊಂದೇ ಅಂಕಿ ನೋಡಿಕೊಂಡು ಮತ್ತೆ ಒತ್ತಿದಳು. ಮತ್ತೆ ಅದೇ ಸದ್ದು.

"ಕೆಟ್ಟಿದ್ಯಾ?" ಎಂದಳು ಕೋರಾ.

ಇವಳೇ ಕರೆ ಮಾಡಿರಬಹುದೇ ಎಂದು ವೆರ್ನಾ ಅವಳ ಕೈಗಳನ್ನು ನೋಡಿದಳು. ಮೈಕು ಬಿಟ್ಟರೆ ಅವುಗಳಲ್ಲಿ ಏನೂ ಇರಲಿಲ್ಲ. ಡ್ವೇನ್ ಇಷ್ಟು ಹೊತ್ತಿಗೆ ಏಳುವ ಆಸಾಮಿಯೇ ಅಲ್ಲ. ಆ ಮುದಿ ಯಂತ್ರ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ದನಿ ಕೇಳಿಸುತ್ತದೆ. ಒಳಗೆ ಒಬ್ಬರಿದ್ದರೆ ಹೊರಗಿನವರಿಗೆ ಈ ಸದ್ದು.

"ಯಾರೋ ಕೇಳ್ತಿದ್ದಾರೆ," ಎಂದಳು. "ಅಯ್ಯೋ, ನಾನು ಏನೂ ಹೇಳೇ ಇಲ್ವಲ್ಲ ಕೋರಾ. ಬರೀ ಸೊನ್ನೆ ಸೊನ್ನೆ ಅಂದು ಇಟ್ಬಿಟ್ನಲ್ಲ."

"ಮತ್ತೆ ತುಂಬಿಸಿ."

"ಅವರು ಇಡಬೇಕು. ಆಮೇಲೇ ಯಂತ್ರ ನನಗೆ ಸಿಗೋದು."

ಅವಳು ಸ್ಟೂಲನ್ನು ಯಂತ್ರದ ಹತ್ತಿರ ಎಳೆದುಕೊಂಡು, ಕೋಟೂ ಬಿಚ್ಚದೆ ಕೂತಳು. ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಳು. ಗುಂಡಿಯ ಮೇಲೆ ಬೆರಳಿಟ್ಟು ಕಾದಳು. ಯಂತ್ರದ ಕಿಟಕಿಯಲ್ಲಿನ ಲೆಕ್ಕ ನಾಲ್ಕಾಯಿತು, ಒಂಬತ್ತಾಯಿತು, ಹದಿನೇಳಾಯಿತು. ಒಬ್ಬರು ಇಟ್ಟರೆಂದು ಬೆರಳು ಒತ್ತುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಿದ್ದರು. ಗುಡ್ಡದ ಮೇಲೆ ಬೆಳಕು ಹರಿದು ಕಂದು ಹುಲ್ಲು ಪೂರ್ತಿ ಕಾಣಿಸಿತು. ಎಂಟು ಗಂಟೆಯಾಯಿತು. ಲೈನು ಖಾಲಿಯಾಗಲಿಲ್ಲ.