ಹೊದಿಕೆಯೊಳಗಿನ ಗರಗಸ

ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಾಳೆಯನ್ನು ಕೊಯ್ಯಲು ಇಬ್ಬರು ಬೇಕು. ಒಬ್ಬರು ಕೊಯ್ಯಬೇಕು, ಇನ್ನೊಬ್ಬರು ಆ ತುದಿ ಹಿಡಿದಿರಬೇಕು. ಕಪಾಟಿನಜ್ಜನಿಗೆ ಮೂವತ್ತೆರಡು ವರ್ಷ ಆ ತುದಿ ಹಿಡಿದವಳು ಅವನ ಹೆಂಡತಿ. ಅವಳು ತೀರಿಹೋದ ಮೇಲೆ ಅಜ್ಜ ಒಬ್ಬನೇ ಮೂರು ಹಾಳೆ ಕೊಯ್ದ. ಮೂರೂ ಕೊನೆಯ ಒಂದು ಗೇಣಿನಲ್ಲಿ ಜೋತುಬಿದ್ದು, ಮೇಲ್ಪದರ ಕಿತ್ತು ಸೀಳಿದವು. ಶಾಲೆಯೊಂದಕ್ಕೆ ಹನ್ನೆರಡು ಕಪಾಟು ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದ. ಅದಾಗದಿದ್ದರೆ ಶೆಡ್ಡಿನಲ್ಲಿ ತನ್ನ ಜಾಗ ಬಿಟ್ಟುಕೊಟ್ಟು ಮನೆಯಲ್ಲಿ ಕೂರಬೇಕು. ಮನೆಯಲ್ಲಿ ಕೂರುವುದೆಂದರೆ ಏನೆಂದು ಈ ನಾಲ್ಕು ತಿಂಗಳಲ್ಲಿ ಅವನಿಗೆ ತಿಳಿದಿತ್ತು.

ಆ ಶೆಡ್ಡು ನಾಲ್ವರ ಪಾಲಿನದು. ಅಜ್ಜನಲ್ಲದೆ ಕುರ್ಚಿ ಮಾಡುವವನೊಬ್ಬ, ಮರದ ಆಟಿಕೆ ಮಾಡುವ ಆಟಿಕೆಯಕ್ಕ, ಚಿತ್ರಗಳಿಗೆ ಕಟ್ಟು ಹಾಕುವವನೊಬ್ಬ. ಈ ಕೊನೆಯವನು ಚಹಾದ ಲೋಟವನ್ನೂ ಬೆಂಚಿನ ಅಂಚಿಗೆ ಸಮನಾಗಿ ನೋಡಿ ಇಡುವ ಮನುಷ್ಯ; ಅವನಿಗೆ ಮಿಲಿಮೀಟರ್ ಎಂದೇ ಹೆಸರು ಬಿದ್ದಿತ್ತು. ಮೂವರೂ ಒಳ್ಳೆಯವರೇ. ಆದರೆ ಅಜ್ಜ ಬಾಯಿಬಿಟ್ಟು ಕೇಳುವವನಲ್ಲ. ಅವರಿಗೋ, ಅಜ್ಜಿ ನಿಲ್ಲುತ್ತಿದ್ದ ಜಾಗದಲ್ಲಿ ತಾವಾಗಿ ಹೋಗಿ ನಿಲ್ಲಲು ಸಂಕೋಚ.

ಹಾಗಾಗಿ ಅಜ್ಜನೇ ಪ್ಯಾನೆಲ್ ಗರಗಸದ ಮಾತೆತ್ತಿದ. ಗೋಡೆಯಷ್ಟೆತ್ತರದ ಚೌಕಟ್ಟು, ಹಾಳೆಯನ್ನು ಅದಕ್ಕೆ ಒರಗಿಸಿದರೆ ಸಾಕು, ಗರಗಸವೇ ಕಂಬಿಯ ಮೇಲೆ ಜಾರಿ ಇಳಿದು ಕೊಯ್ಯುತ್ತದೆ. ಒಬ್ಬರೇ ಇದ್ದರೂ ಕೆಲಸ ಸಾಗುತ್ತದೆ.

"ಕೊಳ್ಳೋದು ಬೇಡ," ಎಂದ ಮಿಲಿಮೀಟರ್. "ಯಾರೋ ಅಳತೆ ಮಾಡಿದ್ದು. ಅವತ್ತು ಅವರ ಕಣ್ಣು ಹೇಗಿತ್ತೋ. ನಾವೇ ಕಟ್ಟೋಣ."

"ಕಟ್ಟಪ್ಪ. ನನ್ನ ಮೊಮ್ಮಕ್ಕಳು ಬಂದು ಉಪಯೋಗಿಸ್ಲಿ," ಎಂದಳು ಆಟಿಕೆಯಕ್ಕ. ಅವಳಿಗಿನ್ನೂ ಮದುವೆಯಾಗಿರಲಿಲ್ಲ.

ಎರಡು ತಿಂಗಳು ಹಿಡಿಯಿತು. ಹತ್ತು ವರ್ಷದಿಂದ ಒಣಗಲಿಟ್ಟಿದ್ದ ಮರವನ್ನು ಅಜ್ಜ ಚೌಕಟ್ಟಿಗೆ ಕೊಟ್ಟ. ಕಂಬಿ ಕೂರಿಸಿದ್ದು, ಬಿಚ್ಚಿದ್ದು, ಮತ್ತೆ ಕೂರಿಸಿದ್ದು ಹದಿನೇಳು ಸಲ. ಕೊನೆಗೊಂದು ದಿನ ಹಳೆಯ ಹಲಗೆಯೊಂದನ್ನು ಕೊಯ್ದು ಮೂಲೆಯಿಂದ ಮೂಲೆಗೆ ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮಿಲಿಮೀಟರನ ಕಣ್ಣು ತೇವವಾಯಿತು.

ಮರುದಿನ ಅಜ್ಜ ದೇವರಿಗೆ ಕೈಮುಗಿದು, ಹೆಗಲ ಮೇಲೆ ಹಾಳೆ ಹೊತ್ತು ಬಂದರೆ, ಯಂತ್ರದ ಮೈತುಂಬ ದಪ್ಪ ಬಟ್ಟೆಯ ಹೊದಿಕೆ. ಹದಿನಾಲ್ಕು ಕಡೆ ಗಂಟು.

"ಬಿಚ್ಚಪ್ಪ."

"ಕೊಯ್ಯೋಕಾ?" ಮಿಲಿಮೀಟರ್ ಬೆಚ್ಚಿದ. "ಧೂಳು ಬೀಳತ್ತಲ್ಲ, ಅಜ್ಜ."

"ಗರಗಸ ಅಂದಮೇಲೆ ಧೂಳು ಬೀಳದೆ ಹೂವು ಬೀಳತ್ತಾ?"

"ಅದನ್ನೇ ನಾನೂ ಹೇಳ್ತಿರೋದು."

"ದೇವರಿಗೂ ದಿನಕ್ಕೊಂದು ಸಲ ಬಾಗಿಲು ತೆಗೀತಾರೆ ಕಣೋ."

"ದೇವರು ಅಳತೆ ತಪ್ಪಲ್ಲ. ಇದು ತಪ್ಪತ್ತೆ."

ನಾಲ್ವರೂ ಸಭೆ ಸೇರಿದರು. ಯಂತ್ರ ಎಲ್ಲರದು, ಆದ್ದರಿಂದ ಯಾರೊಬ್ಬರೂ ಅದನ್ನು ಕೆಡಿಸುವಂತಿಲ್ಲ ಎಂದು ಮಿಲಿಮೀಟರ್ ವಾದಿಸಿದ. ಕುರ್ಚಿಯವನಿಗೆ ಬೇಕಾದದ್ದೆಲ್ಲ ಡೊಂಕು ಮರ, ಹಾಳೆಯ ಗೊಡವೆಯೇ ಇಲ್ಲ. ಅವನು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಎರಡೂ ಕಡೆ ತಲೆ ಆಡಿಸಿದ. ಬೇರೆ ಬೇರೆ ಶೆಡ್ಡುಗಳವರು ನೋಡಲು ಬಂದಾಗ ಮಿಲಿಮೀಟರ್ ಹೊದಿಕೆಯ ಒಂದು ಮೂಲೆ ಎತ್ತಿ ತೋರಿಸುತ್ತಿದ್ದ. "ಕಟ್ಟಿದ ದಿನ ಹೇಗಿತ್ತೋ ಹಾಗೇ ಇದೆ," ಎನ್ನುತ್ತಿದ್ದ. ಅವರೂ ಹೌದೌದು ಎಂದು ಮೆಚ್ಚಿ ಹೋಗುತ್ತಿದ್ದರು.

ಒಂದು ವಾರ ತಡೆದ ಅಜ್ಜ ಎಂಟನೆಯ ದಿನ ಹಾಳೆಯನ್ನು ಎರಡು ಸ್ಟೂಲಿನ ಮೇಲೆ ಹಾಕಿ, ಕೈಗರಗಸದಿಂದ ಕೊಯ್ಯತೊಡಗಿದ. "ಇದೂ ಸೀಳಲಿ. ಸೀಳಿದ ಮೇಲೆ ಆ ಬಟ್ಟೆ ನಾನೇ ಹರೀತೀನಿ."

ಗರಗಸ ಮುಕ್ಕಾಲು ಪಾಲು ದಾಟಿತು. ಹಾಳೆ ಜೋಲತೊಡಗಿತು. ಮಿಲಿಮೀಟರ್ ಒಮ್ಮೆ ಹಾಳೆಯನ್ನು, ಒಮ್ಮೆ ಹೊದಿಕೆಯನ್ನು ನೋಡಿದ. ಮರುಕ್ಷಣ ಓಡಿಬಂದು ಆ ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

"ಕೊಯ್ರಿ ಅಜ್ಜ. ಎಷ್ಟು ಹಾಳೆ ಬೇಕೋ ಅಷ್ಟು ಕೊಯ್ರಿ. ಅದರ ತಂಟೆಗೆ ಮಾತ್ರ ಹೋಗಬೇಡಿ."

ಹಾಳೆ ಬೆಣ್ಣೆಯ ಹಾಗೆ ಎರಡಾಯಿತು.

ಮರುದಿನ ಗೋಡೆಯ ಮೇಲೆ ಒಂದು ಚೀಟಿ ಅಂಟಿತ್ತು. ಯಂತ್ರದ ರಕ್ಷಣೆಗಾಗಿ, ಅಜ್ಜನ ಹಾಳೆಯನ್ನು ಯಾವ ದಿನ ಯಾರು ಹಿಡಿಯಬೇಕೆಂಬ ಸರದಿ. ಕುರ್ಚಿಯವನು ಹಿಡಿದ ದಿನ ಮಾವನ ಮನೆಯ ಜಗಳವನ್ನೆಲ್ಲ ಹೇಳುತ್ತಾ, ಸಿಟ್ಟು ಬಂದ ಕಡೆ ಹಾಳೆಯನ್ನೇ ಜಗ್ಗುತ್ತಿದ್ದ. "ನಿನ್ನ ಮಾವ ಅಲ್ಲಪ್ಪ ಅದು. ಎಳೀಬೇಡ, ಹಿಡಿ ಅಷ್ಟೆ," ಎನ್ನುತ್ತಿದ್ದ ಅಜ್ಜ. ಆಟಿಕೆಯಕ್ಕ ಹಿಡಿದ ದಿನ, "ಅಜ್ಜ, ನೀವು ಕೊಯ್ತಿದೀರೋ ಹಾಳೆಗೆ ಕಚಗುಳಿ ಇಡ್ತಿದೀರೋ?" ಎಂದು ನಗಿಸುತ್ತಿದ್ದಳು. ಒಬ್ಬರಿಗೂ ಹಿಡಿಯಲು ಬರುತ್ತಿರಲಿಲ್ಲ. ಅಜ್ಜ ಕಲಿಸಿದ. ಹೆಂಡತಿ ಹೇಗೆ ಹಿಡಿಯುತ್ತಿದ್ದಳು, ಅಂಗೈ ಎಲ್ಲಿ, ಬೆರಳು ಎಲ್ಲಿ, ಯಾವಾಗ ಸಡಿಲ ಬಿಡಬೇಕು ಎಂದು ತೋರಿಸಿದ. ಅವಳು ಹೋದಂದಿನಿಂದ ಅದುವರೆಗೆ ಅವಳ ಮಾತನ್ನು ಅವನು ಯಾರ ಮುಂದೂ ಆಡಿರಲಿಲ್ಲ.

ಹನ್ನೊಂದು ಕಪಾಟು ಮುಗಿದವು. ಹನ್ನೆರಡನೆಯದರ ಬೆಳಿಗ್ಗೆ ಅಜ್ಜ ಬಂದಾಗ ಮಿಲಿಮೀಟರ್ ಹದಿನಾಲ್ಕು ಗಂಟನ್ನೂ ಬಿಚ್ಚಿ, ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದ. ಕಣ್ಣು ಕೆಂಪಾಗಿತ್ತು.

"ನನ್ನ ಕಟ್ಟುಗಳೆಲ್ಲ ಹಾಗೇ ಬಿದ್ದಿವೆ, ಅಜ್ಜ. ಗಿರಾಕಿಗಳು ಬೈತಿದಾರೆ. ಆದದ್ದಾಗ್ಲಿ, ಶುರು ಮಾಡಿ. ಇನ್ಮೇಲೆ ನಿಮಗೆ ಯಾರ ಹಂಗೂ ಬೇಡ. ಒಬ್ಬರೇ ಕೊಯ್ಕೋಬಹುದು."

ಅಜ್ಜ ಯಂತ್ರದ ಹತ್ತಿರ ಹೋದ. ಕಂಬಿಯ ಮೇಲೆ ಗರಗಸವನ್ನು ಒಂದು ಸಲ ಇಳಿಸಿ ನೋಡಿದ. ತಾನು ಕೊಟ್ಟ ಮರ ಚೆನ್ನಾಗಿ ನಿಂತಿತ್ತು. ಗರಗಸ ಒಂದಿಷ್ಟೂ ಸದ್ದಿಲ್ಲದೆ ಇಳಿಯಿತು. ಅವನು ತಿರುಗಿ ಗೋಡೆಯ ಮೇಲಿನ ಸರದಿಯ ಚೀಟಿಯನ್ನು ನೋಡಿದ. ಆಮೇಲೆ ಮೂಗೆತ್ತಿ ಗಾಳಿಯನ್ನು ಮೂಸಿದ.

"ಇವತ್ತು ಗಾಳೀಲಿ ತೇವ ಇದೆಯಲ್ಲೋ."

ಮಿಲಿಮೀಟರನ ಕೈ ಮಡಿಸುತ್ತಿದ್ದ ಬಟ್ಟೆಯ ಮೇಲೆ ನಿಂತಿತು. "ತೇವ?"

"ಕಂಬಿಗೆ ಒಳ್ಳೇದಲ್ಲ."

ಮಿಲಿಮೀಟರ್ ತಾನೂ ಮೂಸಿದ. ಹೊರಗೆ ಬಿಸಿಲು ಸುಡುತ್ತಿತ್ತು. ಆದರೆ ತೇವದ ಮಾತಿಗೆ ಎದುರಾಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಹೊದಿಕೆ ಹೊದಿಸಿ, ಗಂಟು ಹಾಕಿ, ನಿಟ್ಟುಸಿರು ಬಿಟ್ಟು ಹಾಳೆಯ ಆ ತುದಿಗೆ ಹೋಗಿ ನಿಂತ.

"ನಾಳೆ ತೇವ ಇರಲ್ಲ, ಅಲ್ವಾ ಅಜ್ಜ?"

"ಯಾರಿಗೆ ಗೊತ್ತಪ್ಪ," ಎಂದ ಅಜ್ಜ, ಗೆರೆಯ ಮೇಲೆ ಗರಗಸ ಇಡುತ್ತಾ. "ಅಲುಗಾಡಬೇಡ."