ಎರಡೂ ಎಡತೋಳು

"ಅಪ್ಪ, ಇವೆರಡೂ ಎಡತೋಳೇ."

ಅಪ್ಪ ಕತ್ತರಿಸಿದ್ದ ತೋಳುಗಳನ್ನು ಮಗಳು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಚೌಕಳಿ ಬಟ್ಟೆಯ ಕೋಟು. ಗೆರೆಗೆ ಗೆರೆ ಕೂಡಬೇಕಾದ್ದರಿಂದ ಒಂದೊಂದೇ ತೋಳು ಕತ್ತರಿಸಬೇಕು. ಒಂದಾದ ಮೇಲೆ ಕಾಗದದ ಅಚ್ಚನ್ನು ಮಗುಚಿಡಬೇಕು. ಹೊಸಬರು ಯಾರಾದರೂ ಮಗುಚಲು ಮರೆತರೆ ಟೈಲರ್ ಮಾಸ್ತರರು ವಾರಗಟ್ಟಲೆ ಆಡಿಕೊಳ್ಳುತ್ತಿದ್ದರು: "ನಿನ್ನ ಗಿರಾಕಿಗೆ ಬಲಗೈ ಇಲ್ವೇನಪ್ಪ?" ಇವತ್ತು ಮರೆತವರು ಅವರೇ.

"ಸಕ್ಕರೆ ಇಳಿದಿರ್ಬೇಕು ಕಣೇ. ಒಂದು ಪೆಪ್ಪರಮೆಂಟು ಕೊಡು, ಸರಿಹೋಗುತ್ತೆ."

ಬಹಳ ವರ್ಷದ ಸಕ್ಕರೆ ಕಾಯಿಲೆ. ಬೀಗದ ಕೈ ಕಳೆದರೂ, ಹೇಳಿದ್ದನ್ನೇ ಹೇಳಿದರೂ ತಪ್ಪನ್ನೆಲ್ಲ ಸಕ್ಕರೆಯ ತಲೆಗೆ ಕಟ್ಟುವುದು ಮನೆಯ ರೂಢಿ. ಹಾಗೆ ನಂಬುವುದು ಮಗಳಿಗೂ ಹಿತವಾಗಿತ್ತು. ಆದರೆ ಹೋದ ವಾರ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು: "ಇನ್ಸುಲಿನ್ ಹೇಳಿದ್ದನ್ನ ಮೈ ಕೇಳದೇ ಇರೋ ಹಾಗೆ, ಕೆಲವರಲ್ಲಿ ಮೆದುಳೂ ಕೇಳೋದು ಬಿಡುತ್ತೆ. ಸಣ್ಣ ರಕ್ತನಾಳಗಳೂ ಹಾಳಾಗ್ತವೆ. ಮರೆವಿನ ಕಾಯಿಲೆ ಬರೋ ಸಾಧ್ಯತೆ ಹೆಚ್ಚು. ಎಲ್ಲರಿಗೂ ಬರುತ್ತೆ ಅಂತಲ್ಲ. ಮರೆತಾಗೆಲ್ಲ ಸಿಹಿ ಕೊಡ್ಬೇಡಿ, ಮೊದಲು ಸಕ್ಕರೆ ಎಷ್ಟಿದೆ ನೋಡಿ."

ಅವಳು ಸಕ್ಕರೆ ನೋಡುವ ಪುಟ್ಟ ಮಿಷನ್ ತೆಗೆದು ಅಪ್ಪನ ಬೆರಳು ಚುಚ್ಚಿದಳು. ಸಕ್ಕರೆ ಸರಿಯಾಗಿಯೇ ಇತ್ತು. ಇಷ್ಟು ದಿನ ಸರಿಯಾಗಿರಲಿ ಎಂದು ಬೇಡಿಕೊಳ್ಳುತ್ತಿದ್ದವಳು ಇವತ್ತು ಇಳಿದಿರಲಿ ಎಂದು ಬೇಡಿಕೊಂಡಿದ್ದಳು.

"ಮಿಷನ್ ಕೆಟ್ಟಿದೆ. ನಿಂಗೂ ಹಾಕ್ಕೊಂಡು ನೋಡು."

ಬೇರೆ ದಿನವಾಗಿದ್ದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ರೇಗಿಸುತ್ತಿದ್ದಳು. ಈಗ ಹೊಸ ಸೂಜಿ ಹಾಕಿ ತನ್ನ ಬೆರಳಿಗೂ ಚುಚ್ಚಿಕೊಂಡಳು. ಮಿಷನ್ ಕೆಟ್ಟಿರಲಿಲ್ಲ.

ಮಾಸ್ತರರು ಆ ತೋಳುಗಳನ್ನೇ ನೋಡುತ್ತ ನಿಂತರು. "ಹಾಗಾದ್ರೆ ಸಕ್ಕರೆ ಅಲ್ಲ," ಎಂದರು. ಅಪ್ಪ ಹೆದರಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಯಾರಿಗೂ ಮುಟ್ಟಗೊಡದ ದೊಡ್ಡ ಕತ್ತರಿಯನ್ನು ಅವರು ಹಿಡಿಕೆ ಅವಳ ಕಡೆಗೆ ಮಾಡಿ ಚಾಚಿದರು. "ಇನ್ಮೇಲೆ ಇದು ನಿನ್ನದು. ಸೀಮೆಸುಣ್ಣದ ಗುರುತು ಮಾತ್ರ ನಾನೇ ಹಾಕ್ತೀನಿ. ಅದೊಂದನ್ನ ಕಿತ್ಕೋಬೇಡ."

"ನೀನ್ ಹಾಕ್ದೆ ಇನ್ಯಾರಪ್ಪ ಹಾಕ್ತಾರೆ?"

ಉಳಿದ ಬಟ್ಟೆಯಲ್ಲಿ ಇನ್ನೊಂದೇ ತೋಳಿಗೆ ಜಾಗವಿತ್ತು. ಮಾಸ್ತರರು ಅಚ್ಚನ್ನು ಅದರ ಮೇಲಿಟ್ಟರು, ಮೊದಲಿನಂತೆಯೇ, ಮಗುಚದೆ. ಸೀಮೆಸುಣ್ಣ ಹುಡುಕಲು ಆ ಕಡೆ ತಿರುಗಿದರು. ಮಗಳು ಅಚ್ಚನ್ನು ಮೆಲ್ಲಗೆ ಎತ್ತಿ ಮಗುಚಿಟ್ಟು, ಕದಲದಂತೆ ಅಂಗೈ ಊರಿದಳು. ಅವರು ಬಂದು, ಅವಳ ಬೆರಳುಗಳಿಗೆ ತಾಗದಂತೆ, ಕೈ ನಡುಗದೆ ಒಂದೇ ಎಳೆತದಲ್ಲಿ ಗೆರೆ ಎಳೆದರು.