ಬಸವಣ್ಣನಿಗೆ ಮಾಲೀಕರು ಬೇಕಾಗಿದ್ದಾರೆ

ಕುರುಗೋಡಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಸವಣ್ಣನ ಕಾಲಿಗೆ ಬೀಳದವರು ಒಬ್ಬರೂ ಇರಲಿಲ್ಲ. ಬಸವಣ್ಣನಿಗಾಗಿ ಒಂದು ಸಹಿ ಹಾಕುವವರೂ ಇರಲಿಲ್ಲ. ಮೂರು ದಿನ ಮನೆ ಮನೆ ಅಲೆದು ಹುಲುಗಮ್ಮನಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಈ ಬಸವಣ್ಣ ಕಲ್ಲಿನವನಲ್ಲ, ಸಗಣಿ ಹಾಕುವವನು. ಆರು ವರ್ಷದ ಹಿಂದೆ ಓಣಿಯವರೆಲ್ಲ ದುಡ್ಡಿನ ಪಟ್ಟಿ ಎತ್ತಿ ತಂದು ದೇವರ ಹೆಸರಿನಲ್ಲಿ ಬಿಟ್ಟ ಹೋರಿಕರು ಈಗ ಆನೆಯಂಥ ಗೂಳಿಯಾಗಿತ್ತು. ದಿನಾ ಬೆಳಿಗ್ಗೆ ಹುಲುಗಮ್ಮನ ಮಿರ್ಚಿ ಬಂಡಿಯ ಮುಂದೆ ನಿಂತು, ಒಂದು ಪುಟ್ಟಿ ಮಂಡಕ್ಕಿ ತಿಂದೇ ಮುಂದೆ ಹೋಗುತ್ತಿತ್ತು. "ಬಂದ್ಯಾ ಹಾಳಾದವನೇ, ಇನ್ನಾ ಬೋಣಿಗಿ ಆಗಿಲ್ಲ," ಎಂದು ಬೈಯುತ್ತಲೇ ಅವಳು ಹಾಕುತ್ತಿದ್ದಳು.

ಹೋದ ವಾರ ಲಾರಿಗೆ ತಾಗಿ ಅದರ ಎಡಗೊಂಬು ಬುಡದಲ್ಲಿ ಸೀಳಿತು. ನಾಲ್ಕೇ ದಿನಕ್ಕೆ ಹುಳ ಬಿತ್ತು. ಮಂಡಕ್ಕಿ ಮುಂದಿಟ್ಟರೂ ಮೂಸದೆ ನಿಂತ ದಿನ ಹುಲುಗಮ್ಮ ಬಂಡಿ ಮುಚ್ಚಿದಳು. ದನದ ದವಾಖಾನೆಗೆ ಓಡಿದಳು.

ಡಾಕ್ಟರ್ ಅನಿತಾ ಬಂದು ನೋಡಿದರು. "ಕೊಂಬು ಬುಡಕ್ಕ ತಗೀಬೇಕು. ತಡ ಆದ್ರ ಕೀವು ತಲಿಗೆ ಏರತೈತಿ, ಉಳಿಯೂದಿಲ್ಲ. ಆಪರೇಷನ್ ಪುಕ್ಕಟೆ. ಔಷಧ ಅಷ್ಟು ಹೊರಗಿಂದ ತರ್ರಿ. ಮಾಲೀಕರು ಇಲ್ಲಿ ಸಹಿ ಹಾಕಬೇಕು."

"ಮಾಲೀಕರು ಯಾರೂ ಇಲ್ಲರಿ. ಇದು ದೇವರದು."

"ಹಂಗಾರ ದೇವರನ್ನ ಕರಕೊಂಡು ಬರ್ರಿ," ಎಂದು ನಕ್ಕ ಡಾಕ್ಟರು ಮರುಗಳಿಗೆಯಲ್ಲೇ ಗಂಭೀರರಾದರು. "ಅಮ್ಮಾ, ಮಂಪರು ಕೊಟ್ಟಾಗ ಏನರ ಆತಂದ್ರ, ಬಸವಣ್ಣನ್ನ ಕೊಂದ್ಲು ಅಂತ ನಿಮ್ಮ ಓಣಿನೇ ನನ್ನ ಮ್ಯಾಲೆ ಬರತೈತಿ. ಸಹಿ ಇಲ್ದ ನಾ ಮುಟ್ಟೂದಿಲ್ಲ."

ಔಷಧದ ದುಡ್ಡು ಅರ್ಧ ತಾಸಿನಲ್ಲಿ ಕೂಡಿತು. ಸಹಿ ಎಂದೊಡನೆ ಒಬ್ಬನಿಗೆ ಹೊಲ ನೆನಪಾಯಿತು, ಇನ್ನೊಬ್ಬನಿಗೆ ಕನ್ನಡಕ ಸಿಗಲಿಲ್ಲ. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಓಣಿಯ ಹಿರಿಯ, ಮೆಣಸಿನಕಾಯಿ ವ್ಯಾಪಾರಿ ದೊಡ್ಡಬಸವರಾಜನಂತೂ ವಿಭೂತಿ ಹಣೆಯನ್ನು ಮೇಲೆತ್ತಿ, "ಬಸವಣ್ಣಗ ನಾವು ಮಾಲೀಕರೇನಬೇ? ಅವನೇ ನಮಗ ಮಾಲೀಕ," ಎಂದ.

"ಮಾಲೀಕರ ಕೊಂಬು ಕೊಳತು ನಾರಾಕ ಹತ್ತೈತಿ. ಆಳುಮಕ್ಕಳು ಒಂದು ಸಹಿ ಹಾಕ್ರಲ್ಲ!"

ಅವನು ದೇವರ ಕೋಣೆಗೆ ಹೋದವನು ಹೊರಗೆ ಬರಲೇ ಇಲ್ಲ.

ಬಳ್ಳಾರಿಯ ಗೋಶಾಲೆಯೊಂದಕ್ಕೆ ಫೋನು ಹಚ್ಚಿದರೆ, ಮಾಲೀಕರ ಪತ್ರ ಇದ್ದರೆ ತನ್ನಿ ಎಂದರು. ಸಿರುಗುಪ್ಪದ ಖಾಸಗಿ ಡಾಕ್ಟರಿಗೂ ಸಹಿ ಬೇಕಂತೆ. ಪ್ರಾಣಿಪ್ರಿಯರ ವಾಟ್ಸಾಪ್ ಗುಂಪೊಂದಕ್ಕೆ ಫೋಟೋ ಕಳಿಸಿದಳು. ನಲವತ್ತು ಜನ ಕೈ ಮುಗಿದ ಚಿತ್ರ ಹಾಕಿದರು, ಒಬ್ಬ ಪುಣ್ಯಾತ್ಮ 'ಓಂ ಶಾಂತಿ' ಎಂದು ಬರೆದ. ಅದನ್ನು ನೋಡಿ ಇನ್ನೂ ಹನ್ನೊಂದು ಜನ ಓಂ ಶಾಂತಿ ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ! "ಇನ್ನಾ ಜೀವ ಐತ್ರಲೇ!" ಎಂದು ಹುಲುಗಮ್ಮ ಫೋನಿಗೇ ಚೀರಿದಳು.

ಹಾಗಾದರೆ ಅವಳೇ ಸಹಿ ಹಾಕಬಹುದಿತ್ತಲ್ಲ ಎಂದು ಕೇಳಬಹುದು. ಮಹಿಳಾ ಸಂಘದಲ್ಲಿ ಸಹಿ ಕಲಿತವಳೇ. ಆದರೆ ಅವಳಿಗೂ ಭಯವಿತ್ತು. ಗಂಡ ಸುಂಕಪ್ಪ ಅದನ್ನೇ ಬಾಯಿಬಿಟ್ಟು ಹೇಳಿದ: "ಸತ್ತರ ಬಸವಣ್ಣನ್ನ ಕೊಂದಾಕಿ ಅಂತಾರ. ನಿನ್ನ ಬಂಡಿಗೆ ಒಂದು ನರಪಿಳ್ಳಿ ಬರೂದಿಲ್ಲ. ಪಾಪ ಬ್ಯಾರೆ."

ನಾಲ್ಕನೆಯ ಬೆಳಿಗ್ಗೆ ಬಸವಣ್ಣ ತೂರಾಡುತ್ತ ಬಂಡಿಯ ಮುಂದೆ ಬಂದು ಮಂಡಿಯೂರಿ ಕುಳಿತಿತು. ಯಾರೋ ದಾರಿಹೋಕರು ಹುಳ ಹರಿಯುವ ಆ ಕೊಂಬಿಗೆ ಕುಂಕುಮ ಹಚ್ಚಿ, ಕಣ್ಣು ಮುಚ್ಚಿ ಬೇಡಿಕೊಂಡು ಹೋದರು. ಹುಲುಗಮ್ಮನಿಗೆ ಸಿಟ್ಟು ನೆತ್ತಿಗೇರಿತು. ಒಲೆ ಆರಿಸಿದಳು. ಮಂಡಕ್ಕಿ ಚೀಲ ತೋರಿಸಿ, ಬೈದು, ಬೇಡಿ, ಬಸವಣ್ಣನನ್ನು ಎಬ್ಬಿಸಿ ದವಾಖಾನೆಯವರೆಗೆ ನಡೆಸಿಕೊಂಡು ಹೋದಳು. ಮಾಲೀಕರ ಹೆಸರು ಎಂಬಲ್ಲಿ 'ಹುಲುಗಮ್ಮ' ಎಂದು ಬರೆಯುವಾಗ ಅಕ್ಷರ ಗೆರೆ ದಾಟಿತು. ಆಪರೇಷನ್ ನಡೆದ ಎರಡು ತಾಸೂ ಗೋಡೆಗೆ ಮುಖ ಹಾಕಿ ಕುಳಿತಳು.

ಬಸವಣ್ಣ ಬದುಕಿತು. ಹದಿನೈದು ದಿನಕ್ಕೆ ಒಂಟಿಕೊಂಬಿನಲ್ಲೇ ಮೊದಲಿನಂತೆ ಓಣಿ ಸುತ್ತತೊಡಗಿತು. ಜನ ಕೈ ಮುಗಿದರು. ಹುಲುಗಮ್ಮನಿಗೆ ಸದ್ಯ ಉಳಿಯಿತು ಎನಿಸಿತು.

ಹದಿನಾರನೆಯ ದಿನ ಬಾದನಹಟ್ಟಿ ರಸ್ತೆಯಲ್ಲಿ ಹೊಲವಿದ್ದ ಗವಿಸಿದ್ದೇಶ ಬಂಡಿಗೆ ಬಂದ. "ನಿಮ್ಮ ಹೋರಿ ನಮ್ಮ ಜೋಳ ಮೇಯ್ದೈತಿ. ಏನ್ ಮಾಡ್ತೀರಿ ಹೇಳ್ರಿ." ಬಸವಣ್ಣ ಬಾಯಿ ಹಾಕಿದರೆ ಬೆಳೆ ಇಮ್ಮಡಿ ಎನ್ನುತ್ತಿದ್ದವನೇ ಇವನು! ಅವನ ಹಿಂದೆಯೇ, ಬಸವಣ್ಣ ಕೊಂಬು ಹಾಕಿ ಹರಿದ ಮೆಣಸಿನಕಾಯಿ ಗೋಣಿಚೀಲ ಹಿಡಿದು ದೊಡ್ಡಬಸವರಾಜ ನಿಂತಿದ್ದ. "ದವಾಖಾನಿ ಕಾಗದದಾಗ ನಿನ್ನ ಹೆಸರೇ ಐತಂತಲ್ಲಬೇ, ಹುಲುಗಮ್ಮ."

ಹುಲುಗಮ್ಮ ಮಿರ್ಚಿ ಎತ್ತುವ ಜಾರಿಯನ್ನು ಎಣ್ಣೆಯ ಬಾಣಲೆಗೆ ಒರಗಿಸಿದಳು. ಇಬ್ಬರ ಮುಖವನ್ನೂ ನೋಡಿದಳು.

"ಹೌದು, ನಂದೇ ಐತಿ. ಹೊಲಕ್ಕೂ ಬಂದು ಲುಕ್ಸಾನ ತುಂಬತೀನಿ, ಚೀಲನೂ ಹೊಲಿದು ಕೊಡ್ತೀನಿ. ಆದ್ರ ಇನ್ನ ಮ್ಯಾಲೆ ಅದರ ಕಾಲಿಗೆ ಬೀಳೂದಿದ್ರ ನನ್ನ ಕೇಳಿ ಬೀಳ್ರಿ."

ಅಷ್ಟರಲ್ಲಿ ಬಸವಣ್ಣ ಬಂದು ನಿಂತಿತು. ಹುಲುಗಮ್ಮ ಬೈಯುತ್ತ ಪುಟ್ಟಿಯನ್ನು ಮುಂದಿಟ್ಟಳು.